ಕೀ ಕಾಕರ್‌ನಲ್ಲಿ ಸ್ನಾರ್ಕ್ಲಿಂಗ್ ಮತ್ತು ಊಟ: ಮೊದಲ ಸಲ ಹೋಗುವವರಿಗೆ ಮಾರ್ಗದರ್ಶಿ

ಅಮೆರಿಕದಲ್ಲಿರುವ ಕನ್ನಡಿಗರು ಕೆರಿಬಿಯನ್ ಅಂದ ಕೂಡಲೇ ಕ್ಯಾನ್‌ಕೂನ್ ಅಥವಾ ಬಹಾಮಾಸ್ ಹುಡುಕುತ್ತಾರೆ. ದೊಡ್ಡ ರೆಸಾರ್ಟ್, ಕೈಗೆ ಪಟ್ಟಿ, ಮೂರು ಹೊತ್ತು ಬಫೆ. ಅದು ಬೇಡ, ಚಪ್ಪಲಿಯನ್ನೂ ಹಾಕದೆ ಊರೆಲ್ಲ ಸುತ್ತಬೇಕು, ಬೆಳಗ್ಗೆ ಹವಳದ ದಿಬ್ಬ ನೋಡಿ ಮಧ್ಯಾಹ್ನ ತೆಂಗಿನ ಹಾಲಿನ ಅನ್ನ ಉಣ್ಣಬೇಕು ಅನ್ನುವವರಿಗೆ ಬೆಲೀಜ್ ದೇಶದ ಕೀ ಕಾಕರ್ ಇದೆ. ಸುಮಾರು 8 ಕಿಲೋಮೀಟರ್ ಉದ್ದದ, ಅಗಲ ತೀರಾ ಕಡಿಮೆ ಇರುವ ದ್ವೀಪ ಇದು. ಕಾರುಗಳಿಲ್ಲ. ಸೈಕಲ್, ಗಾಲ್ಫ್ ಕಾರ್ಟ್, ನಡಿಗೆ, ಇಷ್ಟೇ. ‘ಗೋ ಸ್ಲೋ’ ಅನ್ನುವುದು ಊರಿನ ಧ್ಯೇಯವಾಕ್ಯ. ಬೋರ್ಡುಗಳ ಮೇಲೂ ಅದೇ, ಜನರ ಬಾಯಲ್ಲೂ ಅದೇ.

ಒಂದು ಮಾತು ಮೊದಲೇ ಹೇಳುತ್ತೇನೆ. ಇಲ್ಲಿ ಸ್ನಾರ್ಕ್ಲಿಂಗ್ (ಮುಖಕ್ಕೆ ಮಾಸ್ಕ್, ಬಾಯಿಗೆ ಉಸಿರಿನ ಕೊಳವೆ ಹಾಕಿ, ನೀರ ಮೇಲೆ ತೇಲುತ್ತಾ ಕೆಳಗೆ ನೋಡುವುದು) ಬೇರೆ, ಊಟ ಬೇರೆ ಅಲ್ಲ. ನೀರಿನ ಕೆಳಗೆ ಕಾಣುವ ಹವಳದ ದಿಬ್ಬವೇ ಈ ಊರಿನ ಅಡುಗೆಮನೆಗೆ ಆಧಾರ. ಹಾಗಾಗಿ ಎರಡನ್ನೂ ಒಟ್ಟಿಗೇ ಯೋಜಿಸಿ.

ಹೊರಡುವ ಮೊದಲು: ವೀಸಾ ಮತ್ತು ತಿಂಗಳು

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಬೆಲೀಜ್ ವೀಸಾ ಬೇಕು. ಆದರೆ ಅಮೆರಿಕದ ಗ್ರೀನ್ ಕಾರ್ಡ್ ಅಥವಾ ಅವಧಿ ಮುಗಿಯದ ಮಲ್ಟಿಪಲ್ ಎಂಟ್ರಿ ವೀಸಾ ಇದ್ದವರಿಗೆ ವಿನಾಯಿತಿ ಇದೆ. ನಿಯಮ ಬದಲಾಗುತ್ತಿರುತ್ತದೆ. ಟಿಕೆಟ್ ತೆಗೆಯುವ ದಿನವೇ ಬೆಲೀಜ್ ವಲಸೆ ಇಲಾಖೆಯ ಮಾಹಿತಿ ನೋಡಿಕೊಳ್ಳಿ.

ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರು ಇನ್ನೊಂದು ವಿಷಯ ಗಮನಿಸಬೇಕು. ಪಾಸ್‌ಪೋರ್ಟಿನಲ್ಲಿರುವ ಅಮೆರಿಕದ ವೀಸಾ ಸ್ಟ್ಯಾಂಪ್ ಅವಧಿ ಮುಗಿದಿದ್ದರೂ ಕೆನಡಾ ಅಥವಾ ಮೆಕ್ಸಿಕೋಗೆ 30 ದಿನದೊಳಗೆ ಹೋಗಿ ಬರಲು ಅಮೆರಿಕ ಅವಕಾಶ ಕೊಡುತ್ತದೆ. ಬೆಲೀಜ್‌ಗೆ ಆ ಸೌಲಭ್ಯ ಇಲ್ಲ. ಮೆಕ್ಸಿಕೋದ ಪಕ್ಕದಲ್ಲೇ ಇದೆಯಲ್ಲ ಅಂತ ಹೊರಟುಬಿಟ್ಟರೆ ವಾಪಸ್ ಬರುವುದು ದೊಡ್ಡ ತಲೆನೋವು. ಸ್ಟ್ಯಾಂಪ್ ಮುಗಿದಿದ್ದರೆ ಈ ಪ್ರವಾಸ ಮುಂದೂಡಿ.

ಇನ್ನು ತಿಂಗಳು. ನವೆಂಬರ್ ಕೊನೆಯಿಂದ ಮೇವರೆಗೆ ಒಣ ಕಾಲ. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. ಡಿಸೆಂಬರ್, ಜನವರಿಯಲ್ಲಿ ರಜೆ ಸಿಗುತ್ತದೆ ನಿಜ, ಆದರೆ ಉತ್ತರದಿಂದ ತಣ್ಣನೆ ಗಾಳಿ ಬೀಸಿದಾಗ ಕಡಲು ಕದಡುತ್ತದೆ. ಅಂಥ ದಿನ ನೀರಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ, ದೋಣಿಗಳೂ ಹೊರಡದೆ ಇರಬಹುದು. ಬರೀ ಸ್ನಾರ್ಕ್ಲಿಂಗ್ ನೋಡಿದರೆ ನನಗೆ ಏಪ್ರಿಲ್, ಮೇ ಇಷ್ಟ. ಬಿಸಿಲು ಜಾಸ್ತಿ, ಆದರೆ ನೀರು ಶಾಂತ. ಆದರೆ ಆಗ ಲಾಬ್‌ಸ್ಟರ್ ಸಿಗುವುದಿಲ್ಲ. ಲಾಬ್‌ಸ್ಟರ್ ಹಿಡಿಯುವ ಕಾಲ ಜುಲೈ 1ರಿಂದ ಫೆಬ್ರವರಿ ಕೊನೆಯವರೆಗೆ ಮಾತ್ರ. ತಿಂಗಳು ಆರಿಸುವಾಗ ಕಣ್ಣಿಗೋ ನಾಲಿಗೆಗೋ ಅಂತ ನೀವೇ ತೀರ್ಮಾನ ಮಾಡಬೇಕು. ಎರಡೂ ಬೇಕು ಅಂದರೆ ಫೆಬ್ರವರಿಯ ಕೊನೆಯ ವಾರಗಳು ಒಳ್ಳೆಯ ರಾಜಿ.

ಸರ್ಗಾಸಮ್ ಅನ್ನುವ ಕಂದು ಕಡಲಕಳೆ ಕೆಲವು ವರ್ಷ ಬೇಸಿಗೆಯಲ್ಲಿ ರಾಶಿ ರಾಶಿಯಾಗಿ ಪೂರ್ವದ ದಡಕ್ಕೆ ಬಂದು ಬೀಳುತ್ತದೆ. ಕೊಳೆತಾಗ ವಾಸನೆ. ಕೋಣೆ ಕಾದಿರಿಸುವ ಮುಂಚೆ ಈಗ ದಡ ಹೇಗಿದೆ ಅಂತ ಒಂದು ಮೆಸೇಜ್ ಹಾಕಿ ಕೇಳಿ.

ತಲುಪುವುದು

ಬೆಲೀಜ್ ಸಿಟಿ ಹತ್ತಿರದ ಫಿಲಿಪ್ ಗೋಲ್ಡ್‌ಸನ್ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೀರಿ. ಹ್ಯೂಸ್ಟನ್, ಡಲ್ಲಾಸ್, ಮಯಾಮಿ ಕಡೆಯಿಂದ ನೇರ ವಿಮಾನಗಳಿವೆ. ಅಲ್ಲಿಂದ ಟ್ಯಾಕ್ಸಿಯಲ್ಲಿ ಊರೊಳಗಿನ ವಾಟರ್ ಟ್ಯಾಕ್ಸಿ ಕಟ್ಟೆಗೆ ಹೋಗಿ, ದೋಣಿ ಹತ್ತಿದರೆ ಸುಮಾರು 45 ನಿಮಿಷಕ್ಕೆ ಕೀ ಕಾಕರ್. ಸಣ್ಣ ವಿಮಾನವೂ ಇದೆ, ಬೇಗ ಮುಟ್ಟುತ್ತೀರಿ, ದುಡ್ಡು ಜಾಸ್ತಿ. ರಾತ್ರಿ ದೋಣಿ ಇರುವುದಿಲ್ಲ. ಹಾಗಾಗಿ ಮಧ್ಯಾಹ್ನದೊಳಗೆ ಇಳಿಯುವ ವಿಮಾನ ಹಿಡಿಯಿರಿ. ಇಲ್ಲದಿದ್ದರೆ ಒಂದು ರಾತ್ರಿ ಬೆಲೀಜ್ ಸಿಟಿಯಲ್ಲೇ ಕಳೆಯಬೇಕಾಗುತ್ತದೆ.

ಭಾಷೆಯ ತೊಂದರೆ ಇಲ್ಲ. 1981ರವರೆಗೆ ಬ್ರಿಟಿಷರ ಕೈಯಲ್ಲಿದ್ದ ದೇಶ, ಆಡಳಿತ ಭಾಷೆ ಇಂಗ್ಲಿಷ್. ಜನ ತಮ್ಮೊಳಗೆ ಕ್ರಿಯೋಲ್, ಸ್ಪ್ಯಾನಿಷ್ ಮಾತಾಡುತ್ತಾರೆ. ದುಡ್ಡಿನ ವಿಷಯದಲ್ಲಿ ಮಾತ್ರ ಎಚ್ಚರ. ಒಂದು ಅಮೆರಿಕನ್ ಡಾಲರಿಗೆ ಎರಡು ಬೆಲೀಜ್ ಡಾಲರ್, ದರ ಬದಲಾಗುವುದಿಲ್ಲ. ಎರಡೂ ಎಲ್ಲ ಕಡೆ ನಡೆಯುತ್ತವೆ. ಅದಕ್ಕೇ ‘40 ಡಾಲರ್’ ಅಂದ ಕೂಡಲೇ ‘ಯಾವ ಡಾಲರ್?’ ಅಂತ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕೇಳದಿದ್ದರೆ ಲೆಕ್ಕ ಇಮ್ಮಡಿ ಆಗಬಹುದು.

ಮೊದಲ ದಿನ: ದೋಣಿ ಹತ್ತಬೇಡಿ, ಅಭ್ಯಾಸ ಮಾಡಿ

ನಮ್ಮಲ್ಲಿ ಎಷ್ಟೋ ಜನಕ್ಕೆ ಈಜು ಬರುವುದಿಲ್ಲ, ಅಥವಾ ಕೊಳದಲ್ಲಿ ಒಂದಿಷ್ಟು ಬರುತ್ತದೆ ಅಷ್ಟೇ. ಅದೇನೂ ನಾಚಿಕೆಯ ವಿಷಯ ಅಲ್ಲ. ಆದರೆ ಮುಖಕ್ಕೆ ಮಾಸ್ಕ್ ಹಾಕುವ ಮೊದಲ ಅನುಭವ ನಡುಗಡಲಲ್ಲಿ ಆಗಬಾರದು. ಸಾಧ್ಯವಾದರೆ ಊರಲ್ಲೇ, ನಿಮ್ಮ ಅಪಾರ್ಟ್‌ಮೆಂಟಿನ ಕೊಳದಲ್ಲಿ ಒಂದೆರಡು ವಾರ ರೂಢಿ ಮಾಡಿಕೊಳ್ಳಿ. ದ್ವೀಪಕ್ಕೆ ಹೋದ ಮೊದಲ ದಿನ ಆಳವಿಲ್ಲದ ನೀರಲ್ಲಿ ಮತ್ತೆ ಮಾಡಿ.

ಅದಕ್ಕೆ ಜಾಗ ‘ಸ್ಪ್ಲಿಟ್’. ದ್ವೀಪವನ್ನು ಎರಡು ಭಾಗ ಮಾಡಿರುವ ಕಾಲುವೆ ಇದು. 1961ರಲ್ಲಿ ಹ್ಯಾಟಿ ಚಂಡಮಾರುತ ಕೊರೆದ ಸಣ್ಣ ದಾರಿಯನ್ನು ಊರಿನವರೇ ಆಮೇಲೆ ದೋಣಿ ಓಡಾಡಲು ಆಳ ಮಾಡಿಕೊಂಡರು. ಲೇಜಿ ಲಿಜರ್ಡ್ ಅನ್ನುವ ಬಾರ್ ಪಕ್ಕದಲ್ಲಿ ಗೋಡೆಯ ಒಳಗೆ ಆಳವಿಲ್ಲದ ನೀರಿದೆ. ಅಲ್ಲೇ ಇರಿ. ಕಾಲುವೆಯ ನಡುವೆ ಸೆಳೆತ ಜೋರು, ಮೋಟಾರ್ ದೋಣಿಗಳು ಸದಾ ಓಡಾಡುತ್ತವೆ. ಚೆನ್ನಾಗಿ ಈಜುವವರೂ ಆಚೆ ದಡಕ್ಕೆ ಈಜುವ ಸಾಹಸ ಮಾಡಬಾರದು.

ಅಭ್ಯಾಸ ಹೀಗೆ. ಮಾಸ್ಕನ್ನು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆಯಿರಿ. ಕೈ ಬಿಟ್ಟರೂ ಬೀಳದಿದ್ದರೆ ಅಳತೆ ಸರಿ. ಬಿದ್ದರೆ ಬೇರೆ ಮಾಸ್ಕ್ ಕೇಳಿ. ಪಟ್ಟಿ ಬಿಗಿ ಮಾಡಿದರೆ ಸೋರುವುದು ನಿಲ್ಲುತ್ತದೆ ಅನ್ನುವುದು ತಪ್ಪು, ಜಾಸ್ತಿ ಬಿಗಿದರೆ ಇನ್ನೂ ಸೋರುತ್ತದೆ. ಮಾಸ್ಕಿನ ಅಂಚಿನೊಳಗೆ ಕೂದಲು ಸಿಕ್ಕಬಾರದು. ಮೀಸೆ ಇದ್ದವರು ಅದರ ಮೇಲೆ ಸ್ವಲ್ಪ ವ್ಯಾಸಲೀನ್ ಸವರಿಕೊಳ್ಳಿ. ಗಾಜು ಮಬ್ಬಾಗದಂತೆ ಒಳಗೆ ಒಂದು ಹನಿ ಬೇಬಿ ಶಾಂಪೂ ಹಚ್ಚಿ, ನೀರಲ್ಲಿ ಒಮ್ಮೆ ಅಲುಗಾಡಿಸಿ. ಕನ್ನಡಕ ಹಾಕುವವರು ನಂಬರ್ ಇರುವ ಮಾಸ್ಕನ್ನು ಮನೆಯಿಂದಲೇ ಕೊಂಡೊಯ್ಯುವುದು ಒಳ್ಳೆಯದು. ಅಷ್ಟು ದೂರ ಹೋಗಿ ಮೀನು ಮಸುಕಾಗಿ ಕಂಡರೆ ಬೇಜಾರಾಗುತ್ತದೆ ಅಲ್ವಾ?

ಆಮೇಲೆ ಉಸಿರು. ಕೊಳವೆಯನ್ನು ಬಾಯಲ್ಲಿ ಕಚ್ಚಿ, ಮುಖ ನೀರಿಗೆ ಹಾಕಿ, ಸೊಂಟದ ಮಟ್ಟದ ನೀರಲ್ಲಿ ಸುಮ್ನೆ ನಿಂತಿರಿ. ಉಸಿರು ತೆಗೆದುಕೊಳ್ಳುವುದಕ್ಕಿಂತ ಬಿಡುವುದನ್ನು ಉದ್ದ ಮಾಡಿ. ಹೆದರಿದಾಗ ಉಸಿರು ಚಿಕ್ಕದಾಗುತ್ತದೆ, ಚಿಕ್ಕದಾದಾಗ ಹೆದರಿಕೆ ಹೆಚ್ಚುತ್ತದೆ. ಕೊಳವೆಗೆ ನೀರು ನುಗ್ಗಿದರೆ ಒಂದೇ ಸಲ ಜೋರಾಗಿ ಊದಿ, ನೀರು ಮೇಲಿನಿಂದ ಹಾರಿ ಹೋಗುತ್ತದೆ. ಇದನ್ನು ಬೇಕೆಂದೇ ನೀರು ತುಂಬಿಸಿಕೊಂಡು ಹತ್ತಾರು ಸಲ ಮಾಡಿ. ಈ ಒಂದು ಕೆಲಸ ಕೈವಶವಾದರೆ ಅರ್ಧ ಭಯ ಹೋಯಿತು. ಕಾಲಿಗೆ ಫಿನ್ (ಈಜಲು ಹಾಕುವ ರೆಕ್ಕೆ) ಹಾಕಿದಾಗ ಮೊಣಕಾಲಿನಿಂದ ತುಳಿಯಬೇಡಿ. ಕಾಲು ನೇರವಾಗಿಟ್ಟು ಸೊಂಟದಿಂದ ನಿಧಾನವಾಗಿ ಆಡಿಸಿ.

ಮುಖ ಪೂರ್ತಿ ಮುಚ್ಚುವ ಹೊಸ ಮಾದರಿಯ ಮಾಸ್ಕುಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ನೀರು ನುಗ್ಗಿದಾಗ ಬಾಯಿಂದ ಉಗುಳಿ ಹಾಕಲು ಬರುವುದಿಲ್ಲ, ಗಾಬರಿಯಲ್ಲಿ ಬಿಚ್ಚುವುದೂ ಕಷ್ಟ.

ಎರಡನೇ ದಿನ: ದಿಬ್ಬಕ್ಕೆ

ಕೀ ಕಾಕರ್ ದಡದಿಂದ ಪೂರ್ವಕ್ಕೆ ನೋಡಿದರೆ ದೂರದಲ್ಲಿ ಬಿಳಿ ನೊರೆಯ ಗೆರೆ ಕಾಣುತ್ತದೆ. ಅಲೆಗಳು ಹವಳದ ದಿಬ್ಬಕ್ಕೆ ಬಡಿದು ಒಡೆಯುವ ಜಾಗ ಅದು. ಸುಮಾರು 300 ಕಿಲೋಮೀಟರ್ ಉದ್ದದ ಬೆಲೀಜ್ ದಿಬ್ಬ, ಮೆಕ್ಸಿಕೋದಿಂದ ಹೊಂಡುರಾಸ್‌ವರೆಗೆ ಹೋಗುವ ಇನ್ನೂ ದೊಡ್ಡ ಸಾಲಿನ ಭಾಗ. ಆಸ್ಟ್ರೇಲಿಯಾದ ದಿಬ್ಬ ಬಿಟ್ಟರೆ ಜಗತ್ತಿನಲ್ಲಿ ಆ ಸಾಲೇ ದೊಡ್ಡದು. ಯುನೆಸ್ಕೋ 1996ರಲ್ಲಿ ಬೆಲೀಜ್ ದಿಬ್ಬವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2009ರಲ್ಲಿ ಅಪಾಯದಲ್ಲಿರುವ ತಾಣ ಅಂತ ಘೋಷಿಸಿತು. ಬೆಲೀಜ್ ತನ್ನ ಕಡಲಲ್ಲಿ ಎಣ್ಣೆ ಹುಡುಕುವುದಕ್ಕೆ ತಡೆ ಹಾಕಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಉಳಿಸುವ ನಿಯಮ ಬಿಗಿ ಮಾಡಿದ ಮೇಲೆ, 2018ರಲ್ಲಿ ಆ ಅಪಾಯದ ಪಟ್ಟಿಯಿಂದ ತೆಗೆಯಿತು. ಸಣ್ಣ ದೇಶವೊಂದು ಎಣ್ಣೆಯ ದುಡ್ಡು ಬಿಟ್ಟು ಹವಳ ಉಳಿಸಿಕೊಂಡಿತಲ್ಲ, ಅದಕ್ಕೆ ನನಗೆ ತುಂಬಾ ಗೌರವ ಇದೆ.

ದಡದಿಂದ ಈಜಿ ಹೋಗುವಷ್ಟು ಹತ್ತಿರ ಅಲ್ಲ. ದೋಣಿ, ಗೈಡ್ ಬೇಕೇ ಬೇಕು. ಬೀದಿಯಲ್ಲಿ ಹತ್ತಾರು ಅಂಗಡಿಗಳು ಎರಡು ಬಗೆಯ ಪ್ರವಾಸ ಮಾರುತ್ತವೆ.

ಅರ್ಧ ದಿನದ್ದು ಕೀ ಕಾಕರ್ ಸಂರಕ್ಷಿತ ಕಡಲಿಗೆ. 1998ರಲ್ಲಿ ಘೋಷಣೆಯಾದ ಪ್ರದೇಶ. ಹತ್ತಿರ, ಜನ ಕಡಿಮೆ, ಅಗ್ಗ. ಹೊಸಬರು, ಮಕ್ಕಳಿರುವವರು ಇದನ್ನೇ ಮೊದಲು ಮಾಡಿ. ಇಲ್ಲಿಯೂ ನರ್ಸ್ ಶಾರ್ಕ್, ತೊರಕೆ ಮೀನು (ಸ್ಟಿಂಗ್‌ರೇ) ಕಾಣುತ್ತವೆ. ಪೂರ್ತಿ ದಿನದ್ದು ಉತ್ತರಕ್ಕಿರುವ ಹೋಲ್ ಚಾನ್ ಅನ್ನುವ ಸಂರಕ್ಷಿತ ಕಡಲಿಗೆ. 1987ರಿಂದ ಅಲ್ಲಿ ಮೀನು ಹಿಡಿಯುವುದಕ್ಕೆ ಕಡಿವಾಣ ಹಾಕಿದ್ದಾರೆ, ಅದಕ್ಕೇ ಮೀನುಗಳ ಗಾತ್ರವೇ ಬೇರೆ. ದಿಬ್ಬದ ನಡುವೆ ಸುಮಾರು 30 ಅಡಿ ಆಳದ ಕಿಂಡಿ ಇದೆ. ಅದರ ಗೋಡೆಗಳಲ್ಲಿ ಮೊರೆ ಹಾವುಮೀನು, ದೊಡ್ಡ ಗ್ರೂಪರ್ ಮೀನು, ಅದೃಷ್ಟವಿದ್ದರೆ ಈಗಲ್ ರೇ ಅನ್ನುವ ಚುಕ್ಕೆಗಳ ತೊರಕೆ. ಪಕ್ಕದ ಕಡಲಹುಲ್ಲಿನಲ್ಲಿ ಹಸಿರು ಆಮೆಗಳು ಮೇಯುತ್ತಿರುತ್ತವೆ. ಆಮೆ ಉಸಿರಿಗಾಗಿ ಮೇಲೆ ಬರುವಾಗ ಅದರ ದಾರಿಗೆ ಅಡ್ಡ ಹೋಗಬೇಡಿ, ಬದಿಗೆ ಸರಿದು ನೋಡಿ.

ಅದೇ ಪ್ರವಾಸದಲ್ಲಿ ಶಾರ್ಕ್ ರೇ ಆಲಿ ಅನ್ನುವ ಜಾಗ ಬರುತ್ತದೆ. ಮೊದಲು ಮೀನುಗಾರರು ಅಲ್ಲಿ ಲಂಗರು ಹಾಕಿ ಹಿಡಿದ ಮೀನು ಕೊಯ್ದು ತೊಳೆಯುತ್ತಿದ್ದರು. ಬಿಸಾಡಿದ ಚೂರುಗಳಿಗೆ ನರ್ಸ್ ಶಾರ್ಕುಗಳೂ ತೊರಕೆಗಳೂ ಬರಲು ಕಲಿತವು. ಇವತ್ತಿಗೂ ದೋಣಿಯ ಸದ್ದು ಕೇಳಿದರೆ ಬರುತ್ತವೆ. ನರ್ಸ್ ಶಾರ್ಕ್ ತಳದಲ್ಲಿ ಏಡಿ, ಸಿಗಡಿ, ಸಣ್ಣ ಮೀನು ಹೀರಿ ತಿನ್ನುವ ಪ್ರಾಣಿ, ತಾನಾಗಿ ಮನುಷ್ಯರ ಮೇಲೆ ಬೀಳುವುದಿಲ್ಲ. ಆದರೆ ಮುಟ್ಟಿದರೆ, ಬಾಲ ಎಳೆದರೆ ಕಚ್ಚುತ್ತದೆ. ಕೈಗಳನ್ನು ಎದೆಯ ಹತ್ತಿರ ಮಡಚಿಕೊಂಡು ತೇಲುತ್ತಾ ನೋಡಿ. ಕೆಲವು ದೋಣಿಯವರು ಮೀನಿನ ಚೂರು ಎಸೆದು ಶಾರ್ಕುಗಳ ಗುಂಪು ಕೂಡಿಸುತ್ತಾರೆ. ಫೋಟೋ ಚೆನ್ನಾಗಿ ಬರುತ್ತದೆ, ಪ್ರಾಣಿಗಳ ಸ್ವಭಾವ ಕೆಡುತ್ತದೆ. ದುಡ್ಡು ಕೊಡುವ ಮೊದಲೇ ‘ನೀವು ಆಹಾರ ಎಸೆಯುತ್ತೀರಾ?’ ಅಂತ ಕೇಳಿ, ಇಲ್ಲ ಅನ್ನುವವರ ಜೊತೆ ಹೋಗಿ.

ಅಂಗಡಿಯಲ್ಲಿ ಇನ್ನೂ ಮೂರು ಪ್ರಶ್ನೆ ಕೇಳಿ. ಒಬ್ಬ ಗೈಡ್‌ಗೆ ಎಷ್ಟು ಜನ? ಗೈಡ್ ನೀರಿಗೆ ಇಳಿಯುತ್ತಾರಾ? ಲೈಫ್ ಜಾಕೆಟ್, ಸಂರಕ್ಷಿತ ಪ್ರದೇಶದ ಶುಲ್ಕ ದರದಲ್ಲೇ ಸೇರಿದೆಯಾ? ಈಜು ಬಾರದವರು ಅದನ್ನು ಮುಚ್ಚಿಡದೆ ಹೇಳಿ. ಒಳ್ಳೆಯ ಗೈಡ್ ನಿಮಗೆ ಗಾಳಿತುಂಬಿದ ಬಳೆಯೊಂದನ್ನು ಕೊಟ್ಟು, ಅದನ್ನು ತಾನೇ ಎಳೆದುಕೊಂಡು ಹೋಗುತ್ತಾನೆ. ಅದೇ ಹಿಡಿದುಕೊಂಡು ಮುಖ ಕೆಳಗೆ ಹಾಕಿದರೆ ಸಾಕು, ಎಲ್ಲರಿಗೂ ಕಾಣುವುದು ನಿಮಗೂ ಕಾಣುತ್ತದೆ. ಬಿಪಿ, ಹೃದಯದ ತೊಂದರೆ ಇರುವ ಹಿರಿಯರು ಮೊದಲು ಡಾಕ್ಟರನ್ನು ಕೇಳಬೇಕು.

ಬಟ್ಟೆಯ ವಿಷಯ. ಹತ್ತಿಯ ಟೀ ಶರ್ಟ್, ಚೂಡಿದಾರ್ ಪ್ಯಾಂಟು ನೀರಲ್ಲಿ ಭಾರವಾಗಿ ಎಳೆಯುತ್ತವೆ. ಉದ್ದ ತೋಳಿನ ಈಜುಡುಗೆ, ಈಜಿಗೆ ಬಳಸುವ ಲೆಗ್ಗಿಂಗ್ಸ್ ಹಾಕಿ. ಮೈ ಮುಚ್ಚುತ್ತದೆ, ಬೆನ್ನು ಸುಡುವುದಿಲ್ಲ. ನೀರಲ್ಲಿ ಬೋರಲಾಗಿ ತೇಲುವಾಗ ಬಿಸಿಲು ಗೊತ್ತೇ ಆಗುವುದಿಲ್ಲ, ಸಂಜೆ ತೊಡೆಯ ಹಿಂಭಾಗ ಉರಿಯುತ್ತದೆ. ಬಟ್ಟೆ ಮುಚ್ಚಿದಷ್ಟೂ ಸನ್‌ಸ್ಕ್ರೀನ್ ಕಡಿಮೆ ಸಾಕು. ಹವಳಕ್ಕೂ ಅದೇ ಒಳ್ಳೆಯದು. ಹಚ್ಚಲೇಬೇಕಾದ ಕಡೆ ಆಕ್ಸಿಬೆಂಜೋನ್ ಅನ್ನುವ ರಾಸಾಯನಿಕ ಇಲ್ಲದ, ಜಿಂಕ್ ಇರುವ ಕ್ರೀಮ್ ಹಚ್ಚಿ.

ಹವಳದ ಮೇಲೆ ನಿಲ್ಲಬೇಡಿ, ಹಿಡಿಯಬೇಡಿ, ಫಿನ್ ತಾಗಿಸಬೇಡಿ. ಕಲ್ಲಿನ ಹಾಗೆ ಕಂಡರೂ ಅದು ಜೀವ. 2019ರಿಂದ ಬೆಲೀಜ್‌ನಲ್ಲಿ ಹವಳದ ಅಂಗಾಂಶ ಕರಗಿಸುವ ರೋಗವೊಂದು ಹರಡುತ್ತಿದೆ. ನೀರು ಬಿಸಿಯಾಗಿ ಹವಳ ಬಿಳಿಚುವುದೂ ಹೆಚ್ಚಾಗಿದೆ. ಅಷ್ಟು ಸೋತಿರುವ ದಿಬ್ಬಕ್ಕೆ ನಮ್ಮ ಕಾಲಿನ ಪೆಟ್ಟೂ ಬೇಡ. ಮಾಸ್ಕ್ ಸರಿ ಮಾಡಿಕೊಳ್ಳಬೇಕಾದರೆ ಬೆನ್ನ ಮೇಲೆ ತಿರುಗಿ ತೇಲಿ. ಮರಳಿರುವ ಕಡೆ ನಡೆಯುವಾಗ ಕಾಲು ಎತ್ತಿ ಇಡದೆ ಎಳೆಯುತ್ತಾ ಹೋಗಿ, ಮರಳಲ್ಲಿ ಹುದುಗಿದ ತೊರಕೆ ಸದ್ದಿಗೆ ಸರಿದು ಹೋಗುತ್ತದೆ.

ನಡುಗಡಲಲ್ಲಿರುವ ಬ್ಲೂ ಹೋಲ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಸುಮಾರು 300 ಮೀಟರ್ ಅಗಲ, 125 ಮೀಟರ್ ಆಳದ ಆ ನೀಲಿ ಬಾವಿಯ ಚೆಲುವು ಮೇಲಿನಿಂದ ನೋಡಿದಾಗ. ಸ್ನಾರ್ಕ್ಲಿಂಗ್ ಮಾಡುವವರಿಗೆ ಕಾಣುವುದು ಅಂಚು ಮಾತ್ರ, ಅದಕ್ಕಾಗಿ ಗಂಟೆಗಟ್ಟಲೆ ದೋಣಿಯಲ್ಲಿ ಕುಲುಕಾಡಬೇಕು. ದುಡ್ಡಿದ್ದರೆ ವಿಮಾನದಲ್ಲಿ ನೋಡಿ. ಇಲ್ಲದಿದ್ದರೆ ಬಿಡಿ, ಹೋಲ್ ಚಾನ್ ಸಾಕು.

ಯಾವಾಗ, ಏನು ತಿನ್ನಬೇಕು

ದೋಣಿ ಹತ್ತುವ ಬೆಳಗ್ಗೆ ಹೊಟ್ಟೆ ಹಗುರ ಇರಲಿ. ಹಣ್ಣು, ಜಾನಿಕೇಕ್ ಅನ್ನುವ ಸಣ್ಣ ತೆಂಗಿನ ಹಾಲಿನ ಬನ್ನು, ಅಷ್ಟು ಸಾಕು. ವಾಕರಿಕೆ ಬರುವವರು ಮಾತ್ರೆಯನ್ನು ಹೊರಡುವ ಮುಂಚೆಯೇ ತೆಗೆದುಕೊಳ್ಳಿ, ದೋಣಿ ಕುಲುಕಿದ ಮೇಲೆ ನುಂಗಿದರೆ ಕೆಲಸ ಮಾಡುವುದಿಲ್ಲ.

ಫ್ರೈ ಜ್ಯಾಕ್ ತಿನ್ನುವುದನ್ನು ದೋಣಿ ಇಲ್ಲದ ದಿನಕ್ಕೆ ಇಟ್ಟುಕೊಳ್ಳಿ. ಮೈದಾ ಹಿಟ್ಟು ಲಟ್ಟಿಸಿ ಕರಿದದ್ದು, ನಮ್ಮ ಪೂರಿಯ ದಪ್ಪ ತಮ್ಮ ಅನ್ನಬಹುದು. ಒಳಗೆ ಬೀನ್ಸ್, ಮೊಟ್ಟೆ, ಚೀಸ್, ಕೋಳಿ ಏನು ಬೇಕೋ ತುಂಬಿಸಿ ಕೊಡುತ್ತಾರೆ. ಎರೋಲಿನ್ಸ್ ಹೌಸ್ ಆಫ್ ಫ್ರೈ ಜ್ಯಾಕ್ಸ್ ಅನ್ನುವ ಪುಟ್ಟ ಅಂಗಡಿಯ ಮುಂದೆ ಬೆಳಗ್ಗೆ ಸಾಲು ಇರುತ್ತದೆ. ಬೇಗ ಹೋಗಿ.

ಮಧ್ಯಾಹ್ನಕ್ಕೆ ರೈಸ್ ಅಂಡ್ ಬೀನ್ಸ್. ರಾಜ್ಮಾ ಮತ್ತು ಅಕ್ಕಿಯನ್ನು ತೆಂಗಿನ ಹಾಲಲ್ಲಿ ಒಟ್ಟಿಗೆ ಬೇಯಿಸುತ್ತಾರೆ. ಜೊತೆಗೆ ರೆಕಾಡೊ ಅನ್ನುವ ಕೆಂಪು ಮಸಾಲೆ ಹಾಕಿದ ಕೋಳಿ, ಕರಿದ ಬಾಳೆಹಣ್ಣು, ಆಲೂಗಡ್ಡೆ ಸಲಾಡ್. ‘ಬೀನ್ಸ್ ಅಂಡ್ ರೈಸ್’ ಅಂತ ಕೇಳಿದರೆ ಅದು ಬೇರೆ ಊಟ, ಬಿಳಿ ಅನ್ನ ಬೇರೆ, ಬೀನ್ಸ್ ಸಾರು ಬೇರೆ. ಅನ್ನ ಕಲಸಿಕೊಂಡು ತಿನ್ನುವ ಅಭ್ಯಾಸದವರಿಗೆ ಈ ಎರಡನೆಯದು ಹಿತ.

ಸಸ್ಯಾಹಾರಿಗಳು ಎಚ್ಚರ. ಬೀನ್ಸ್‌ಗೆ ಎಷ್ಟೋ ಕಡೆ ಉಪ್ಪಿನಲ್ಲಿಟ್ಟ ಹಂದಿಯ ಬಾಲ ಹಾಕಿ ಬೇಯಿಸುತ್ತಾರೆ. ಹಿಟ್ಟಿಗೆ, ಮಸೆದ ಬೀನ್ಸ್‌ಗೆ ಲಾರ್ಡ್, ಅಂದರೆ ಹಂದಿ ಕೊಬ್ಬು ಬಳಸುವುದೂ ಉಂಟು. ‘ವೆಜಿಟೇರಿಯನ್’ ಅಂದರೆ ಕೆಲವರಿಗೆ ಮೇಲೆ ಮಾಂಸದ ತುಂಡು ಇಲ್ಲ ಅಂತ ಮಾತ್ರ ಅರ್ಥ. ಅದಕ್ಕೆ ‘ಪಿಗ್‌ಟೇಲ್ ಹಾಕಿದ್ದೀರಾ? ಲಾರ್ಡ್ ಹಾಕಿದ್ದೀರಾ?’ ಅಂತಲೇ ಹೆಸರು ಹಿಡಿದು ಕೇಳಿ. ಅಡುಗೆಮನೆ ಇರುವ ಕೋಣೆ ಹಿಡಿದರೆ ನಿಶ್ಚಿಂತೆ. ಅಕ್ಕಿ, ರಾಜ್ಮಾ, ತೆಂಗಿನ ಹಾಲು, ಬಾಳೆಹಣ್ಣು ದ್ವೀಪದಲ್ಲೇ ಸಿಗುತ್ತವೆ. ಸಾಂಬಾರ್ ಪುಡಿ ಮನೆಯಿಂದ ತನ್ನಿ.

ಬೆಲೀಜ್ ಅಡುಗೆಗೆ ಭಾರತದ ನೆರಳೂ ಇದೆ. 19ನೇ ಶತಮಾನದಲ್ಲಿ ಕೂಲಿಗಳಾಗಿ ಬಂದ ಭಾರತೀಯರ ಮಕ್ಕಳು ಮೊಮ್ಮಕ್ಕಳು ಮುಖ್ಯಭೂಮಿಯಲ್ಲಿದ್ದಾರೆ. ಉತ್ತರದ ಕೊರೊಜಾಲ್ ಜಿಲ್ಲೆಯಲ್ಲಿ ಕಲ್ಕತ್ತಾ ಅನ್ನುವ ಹಳ್ಳಿಯೇ ಇದೆ. ಅವರ ಮನೆಗಳ ಅರಿಶಿನ ಹಾಕಿದ ‘ತಕಾರಿ’ ಸಾರು ಎಲ್ಲಾದರೂ ಕಂಡರೆ ಬಿಡಬೇಡಿ.

ಸಂಜೆಗೆ ಸುಡುವ ಒಲೆಗಳು ಹೊತ್ತುತ್ತವೆ. ಬೀದಿ ಬದಿಯ ಡ್ರಮ್ಮಿನ ಒಲೆಯ ಪಕ್ಕದಲ್ಲಿ ಲಾಬ್‌ಸ್ಟರ್, ಸ್ನ್ಯಾಪರ್ ಮೀನು, ಸಿಗಡಿ ಸಾಲಾಗಿ ಇಟ್ಟಿರುತ್ತಾರೆ. ನೋಡಿ ಆರಿಸಿ, ದರ ಕೇಳಿ, ಅದರಲ್ಲಿ ಅನ್ನ, ಪಲ್ಯ, ಪಾನೀಯ ಸೇರಿದೆಯಾ ಅಂತಲೂ ಕೇಳಿ. ಅವಸರ ಮಾಡಬೇಡಿ. ಇಲ್ಲಿ ಊಟ ಬರುವುದಕ್ಕೆ ಹೊತ್ತು ಹಿಡಿಯುತ್ತದೆ, ಮಕ್ಕಳಿದ್ದರೆ ಹಸಿವಾಗುವ ಮುಂಚೆಯೇ ಹೋಗಿ ಕೂರಿ.

ಏನು ತಿನ್ನಬಾರದು ಅನ್ನುವುದು ಇಲ್ಲಿ ತುಂಬಾ ಮುಖ್ಯ. ಮಾರ್ಚ್‌ನಿಂದ ಜೂನ್‌ವರೆಗೆ ತಾಜಾ ಲಾಬ್‌ಸ್ಟರ್ ಕೇಳಬೇಡಿ, ಅದು ಮೊಟ್ಟೆಯಿಡುವ ಕಾಲ. ಕಾಂಕ್ ಅನ್ನುವ ದೊಡ್ಡ ಶಂಖದ ಮಾಂಸಕ್ಕೆ ಕಾಲ ಅಕ್ಟೋಬರ್ 1ರಿಂದ ಜೂನ್ 30, ವರ್ಷದ ಮಿತಿ ಮುಟ್ಟಿದರೆ ಇನ್ನೂ ಬೇಗ ಮುಗಿಯುತ್ತದೆ. ನಿಂಬೆರಸದಲ್ಲಿ ನೆನೆಸಿದ ಕಾಂಕ್ ಸೆವಿಚೆ ತಿನ್ನಬೇಕಾದರೆ ಆ ತಿಂಗಳುಗಳಲ್ಲೇ ತಿನ್ನಿ. ಗಿಳಿಮೀನು ಹಿಡಿಯುವುದನ್ನು 2009ರಿಂದಲೇ ನಿಷೇಧಿಸಿದ್ದಾರೆ. ಹವಳದ ಮೇಲೆ ಬೆಳೆಯುವ ಪಾಚಿಯನ್ನು ಕೆರೆದು ತಿಂದು ದಿಬ್ಬವನ್ನು ಉಳಿಸುವ ಮೀನು ಅದು. ಬೆಳಗ್ಗೆ ನೀರಲ್ಲಿ ಮುಖ ಹಾಕಿದಾಗ ಕೇಳುವ ಕಟಕಟ ಸದ್ದಿನಲ್ಲಿ ಅವುಗಳ ಹಲ್ಲಿನ ಸದ್ದೂ ಇರುತ್ತದೆ. ಈ ನಿಯಮಗಳನ್ನು ಹೊರಗಿನವರು ತಂದು ಹೇರಿದ್ದು ಅಂದುಕೊಳ್ಳಬೇಡಿ. ಕೀ ಕಾಕರ್ ಬೆಳೆದದ್ದೇ ಲಾಬ್‌ಸ್ಟರ್‌ನಿಂದ. 1960ರಲ್ಲಿ ಇಲ್ಲಿನ ಮೀನುಗಾರರು ನಾರ್ದರ್ನ್ ಸಹಕಾರ ಸಂಘ ಕಟ್ಟಿಕೊಂಡು, ತಮ್ಮ ಲಾಬ್‌ಸ್ಟರನ್ನು ತಾವೇ ರಫ್ತು ಮಾಡತೊಡಗಿದರು. ಮುಂದಿನ ವರ್ಷಕ್ಕೂ ಲಾಬ್‌ಸ್ಟರ್ ಉಳಿಯಬೇಕು ಅನ್ನುವುದು ಅವರ ಮನೆಯ ಲೆಕ್ಕ. ಋತು ಶುರುವಾಗುವ ಹೊತ್ತಿಗೆ ಊರಲ್ಲಿ ಲಾಬ್‌ಸ್ಟರ್ ಹಬ್ಬವೇ ನಡೆಯುತ್ತದೆ.

ಯಾವ ತಿಂಗಳಲ್ಲೂ, ಎಷ್ಟು ಬೇಕಾದರೂ ತಿನ್ನಬಹುದಾದ ಮೀನು ಒಂದಿದೆ, ಲಯನ್‌ಫಿಶ್. ಇದರ ಮೂಲ ನಮ್ಮ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್. ಕೆರಿಬಿಯನ್‌ಗೆ ನುಗ್ಗಿ, ಹಿಡಿದು ತಿನ್ನುವವರು ಯಾರೂ ಇಲ್ಲದೆ, ಮರಿಮೀನುಗಳನ್ನೆಲ್ಲ ನುಂಗುತ್ತಿದೆ. ವಿಷ ಮುಳ್ಳಲ್ಲಿ ಮಾತ್ರ, ಮಾಂಸದಲ್ಲಿ ಇಲ್ಲ. ಬಿಳಿ, ಮೃದು ಮಾಂಸ. ಮೆನುವಿನಲ್ಲಿ ಕಾಣದಿದ್ದರೂ ಕೇಳಿ, ಗಿರಾಕಿಗಳು ಕೇಳಿದಷ್ಟೂ ಹಿಡಿಯುವವರು ಹೆಚ್ಚುತ್ತಾರೆ.

ಈಜದವರಿಗೆ, ಮತ್ತು ಉಳಿದ ಸಮಯಕ್ಕೆ

ಅಪ್ಪ ಅಮ್ಮ ಜೊತೆಗಿದ್ದರೆ ಸಂಜೆ ಪಶ್ಚಿಮದ ದಡಕ್ಕೆ ಕರೆದುಕೊಂಡು ಹೋಗಿ. ಇಗ್ವಾನಾ ರೀಫ್ ಅನ್ನುವ ಹೋಟೆಲಿನ ಮುಂದೆ ಮೊಣಕಾಲುದ್ದದ ನೀರಿಗೆ ತೊರಕೆ ಮೀನುಗಳು ಬರುತ್ತವೆ. ಪಕ್ಕದಲ್ಲೇ ಕಡಲಕುದುರೆಗಳಿಗಾಗಿ ಕಾಯ್ದಿರಿಸಿದ ಸಣ್ಣ ಜಾಗ. ದಡದಲ್ಲೇ ಕೂತು ಸೂರ್ಯ ಮುಳುಗುವುದನ್ನೂ ನೋಡಬಹುದು. ಗಾಳಿ ನಿಂತಾಗ ಮರಳುನೊಣ ಕಚ್ಚುತ್ತದೆ, ಕಾಲಿಗೆ ತೆಂಗಿನೆಣ್ಣೆ ಅಥವಾ ಸೊಳ್ಳೆ ಕ್ರೀಮ್ ಹಚ್ಚಿರಿ. ಕುಡಿಯಲು ಶುದ್ಧ ಮಾಡಿದ ನೀರನ್ನೇ ಕೇಳಿ, ಬಾಟಲಿ ಜೊತೆಗಿಟ್ಟುಕೊಂಡು ತುಂಬಿಸಿಕೊಳ್ಳಿ. ದ್ವೀಪದಲ್ಲಿ ಬಿದ್ದ ಪ್ಲಾಸ್ಟಿಕ್ ಹೋಗುವುದು ಕಡಲಿಗೇ.

ಬೆಲೀಜ್‌ನಲ್ಲಿ ಮ್ಯಾನಟೀ, ಅಂದರೆ ಕಡಲಹಸುವಿನ ಜೊತೆ ಈಜುವುದಕ್ಕೆ ನಿಷೇಧ ಇದೆ. ದೋಣಿಯಿಂದ ನೋಡುವ ಪ್ರವಾಸಗಳು ಸ್ವಾಲೋ ಕೀ ಅನ್ನುವ ದ್ವೀಪದ ಕಡೆ ಹೋಗುತ್ತವೆ, ಹಿರಿಯರಿಗೂ ಒಳ್ಳೆಯದು.

ಹೊರಡುವ ದಿನ ದಡದಲ್ಲಿ ಸಿಕ್ಕ ಶಂಖ, ಹವಳದ ತುಂಡು ಚೀಲಕ್ಕೆ ಹಾಕಿಕೊಳ್ಳಬೇಡಿ. ಕಾಂಕ್ ಶಂಖದ ಸಾಗಣೆ ಅಂತರರಾಷ್ಟ್ರೀಯ ನಿಯಂತ್ರಣದಲ್ಲಿದೆ, ವಿಮಾನ ನಿಲ್ದಾಣದಲ್ಲಿ ತಡೆಯಬಹುದು. ಮನೆಗೆ ಏನಾದರೂ ಒಯ್ಯಬೇಕು ಅಂದರೆ ಮೇರಿ ಶಾರ್ಪ್ಸ್ ಖಾರದ ಸಾಸ್ ತೆಗೆದುಕೊಳ್ಳಿ. ಹಬನೇರೋ ಮೆಣಸಿನಕಾಯಿ ಜೊತೆ ಕ್ಯಾರೆಟ್ ಅರೆದು ಮಾಡಿದ್ದು. ದೋಸೆಗೂ ಹೊಂದುತ್ತದೆ. ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಬ್ಯಾಗಿಗೇ ಹಾಕಿ, ಕೈಚೀಲದಲ್ಲಿ ಬಿಡುವುದಿಲ್ಲ.